ನಿನ್ನ ಹೆಸರಿನಲ್ಲಿ ಆಡಿದ ಮಾತು

ಶನಿವಾರ, ಸಂಜೆ

ಪ್ರೀತಿಯ ಗುಸ್ಕಿ,

‘ಪ್ರೀತಿಯ’ ಎಂದು ಕೈ ತಾನಾಗಿ ಬರೆದುಬಿಟ್ಟಿತು. ಹೊಡೆದುಹಾಕೋಣ ಎಂದುಕೊಂಡೆ. ಮೊದಲ ಸಾಲಿನಲ್ಲೇ ಗೀಚಿದರೆ ಕಾಗದ ನೋಡಲು ಚೆನ್ನಾಗಿರುವುದಿಲ್ಲ ಎಂದು ಬಿಟ್ಟಿದ್ದೇನೆ. ಹೆಚ್ಚೇನೂ ಅರ್ಥ ಮಾಡಿಕೊಳ್ಳಬೇಡ.

ನಿನ್ನ ಇಂಟರ್‌ವ್ಯೂ ಚೆನ್ನಾಗಿ ಆಯಿತು, ನಿಶ್ಚಿಂತೆಯಿಂದಿರು ಎಂದು ನಿನ್ನೆ ಮೆಸೇಜು ಹಾಕಿದೆ. ನೀನು ಮೂರು ಕೆಂಪು ಹೃದಯ ಕಳಿಸಿದೆ. ಬೆಳಿಗ್ಗೆ ಎದ್ದು ನೋಡಿದರೆ ಹೃದಯಗಳೂ ಇಲ್ಲ, ನನ್ನ ಮೆಸೇಜೂ ಇಲ್ಲ. ಓದಿದ ಮೇಲೆ ತಾನಾಗಿ ಅಳಿಸಿಹೋಗುವ ಹಾಗೆ ಏರ್ಪಾಡು ಮಾಡಿಟ್ಟುಕೊಂಡಿದ್ದೀಯ. ಜಾಣೆ. ನಾನು ಹೇಳಬೇಕಾಗಿರುವುದು ಅಷ್ಟು ಸುಲಭವಾಗಿ ಅಳಿಸಿಹೋಗುವುದು ನನಗೆ ಇಷ್ಟವಿಲ್ಲ, ಅದಕ್ಕೇ ಈ ಕಾಗದ. ಕ್ಲಿನಿಕ್ಕಿನಲ್ಲೇ ಕೂತು ಬರೆಯುತ್ತಿದ್ದೇನೆ. ಕೊನೆಯ ಮಂಡಿನೋವು ಮೆಟ್ಟಿಲು ಇಳಿದು ಹೋಯಿತು. ಕೈ ಅದ್ದಿಸುವ ಮೇಣದ ಪಾತ್ರೆಯನ್ನು ಆರಿಸಿದ್ದೇನೆ. ಕೆಳಗಿನ ಟೈರ್ ಅಂಗಡಿಯಲ್ಲಿ ಇನ್ನೂ ಗಾಳಿ ತುಂಬುತ್ತಿದ್ದಾರೆ.

ಕೇಳಿದ ಕೂಡಲೇ ನಾನು ಒಪ್ಪಿಕೊಂಡದ್ದು ನಿನಗೆ ಆಶ್ಚರ್ಯವಾಗಿರಬೇಕು. ಇವಳು ಬೈಯುತ್ತಾಳೆ, ಅಳುತ್ತಾಳೆ, ಹಳೆಯದನ್ನೆಲ್ಲ ಕೆದಕುತ್ತಾಳೆ ಎಂದು ನೀನು ಸಿದ್ಧವಾಗಿಯೇ ಇದ್ದೆ ಅನ್ನಿಸುತ್ತದೆ. ನಾನು ಆಯಿತು ಎಂದೆ, ಅಷ್ಟೇ. ಕೆದಕುವುದನ್ನು ಈಗ ಶುರು ಮಾಡುತ್ತೇನೆ.

ಹಾಸ್ಟೆಲಿನಲ್ಲಿ ನಮ್ಮಿಬ್ಬರದು ಒಂದೇ ಕೋಣೆ. ಮಾತಿಗೆ ನಾನು, ಕೆಲಸಕ್ಕೆ ನೀನು. ನನ್ನ ಬಾಯಿಗೆ ಬೀಗವಿಲ್ಲ ಎಂದು ತರಗತಿಯವರೆಲ್ಲ ನನ್ನನ್ನು ಮೈಕು ಎಂದು ಕರೆದರು. ಹತ್ತು ಮಾತಿಗೆ ಒಂದು ಹ್ಞೂಂ ಎನ್ನುವ ನಿನ್ನನ್ನು ಗುಮ್ಮನಗುಸ್ಕಿ ಎಂದು ಕರೆದವಳು ನಾನು. ಕರೆದೂ ಕರೆದೂ ಅದು ಗುಸ್ಕಿಯಾಯಿತು. ಆಗ ಅದು ಮುದ್ದಿನ ಹೆಸರು. ಫಿಸಿಯೋಥೆರಪಿ ಪ್ರಾಕ್ಟಿಕಲ್ಲಿನಲ್ಲಿ ಕಲ್ಲಿನ ಹಾಗೆ ಬಿಗಿದುಕೊಂಡ ಭುಜವನ್ನೂ ನೀನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಿಡಿಸುತ್ತಿದ್ದೆ. ಅದನ್ನು ಹೇಗೆ ಮಾಡಿದೆ ಎಂದು ಪರೀಕ್ಷಕರು ಕೇಳಿದರೆ ಮಾತ್ರ ನಿನ್ನ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ನಿನ್ನ ಕೈಗೆ ನನ್ನ ಬಾಯಿ ಜೋಡಿಸಿದರೆ ಒಬ್ಬಳು ಪೂರ್ತಿ ಥೆರಪಿಸ್ಟ್ ಆಗುತ್ತಾಳೆ ಎಂದು ನಗುತ್ತಿದ್ದೆವು. ನಗುತ್ತಲೇ ಅದನ್ನು ಮಾಡಿಯೂಬಿಟ್ಟೆವು.

ಏಜೆಂಟ್ ವೀಸಾ ಮಾಮನ ಆಫೀಸಿಗೆ ಮೊದಲ ಸಲ ಹೋದದ್ದು ನೆನಪು ಮಾಡಿಕೋ. ಲಿಫ್ಟಿಲ್ಲದ ಕಟ್ಟಡದ ಕೊನೆಯ ಮಹಡಿ, ಗೋಡೆ ತುಂಬ ವಿಮಾನದ ಚಿತ್ರ, ಕಾಲು ಸೀಳಿದ ಪ್ಲಾಸ್ಟಿಕ್ ಕುರ್ಚಿ. ಹೊಸದಾಗಿ ಪದವಿ ಮುಗಿಸಿದವರು ಹೊರದೇಶಕ್ಕೆ ಹೋಗಿ ದುಡಿಯುವ ದಾರಿಗಳನ್ನು ಅವರು ಹೋಟೆಲಿನ ಮಾಣಿ ತಿಂಡಿ ಒಪ್ಪಿಸುವ ಹಾಗೆ ಉಸಿರು ಬಿಡದೆ ಹೇಳಿದರು. ಮತ್ತೆ ಓದಲು ಹೋಗಬಹುದು, ಫೀಸಿಗೆ ಮನೆ ಮಾರಬೇಕು. ನುರಿತವರ ಕೆಲಸದ ವೀಸಾ ಇದೆ, ಅದಕ್ಕೆ ವರ್ಷಗಟ್ಟಲೆ ಅನುಭವ ಬೇಕು. ಹೊಸಬರಿಗೆ ಆ ಅನುಭವವನ್ನು ಎಲ್ಲಿಂದ ತರುವುದು ಎಂದು ನಾನು ಕೇಳಿದ್ದಕ್ಕೆ ಅದು ವೀಸಾ ಕಚೇರಿಯ ತಲೆನೋವಲ್ಲಮ್ಮ ಎಂದರು. ತೋಟದಲ್ಲಿ ಹಣ್ಣು ಬಿಡಿಸುವ ಹಂಗಾಮಿನ ವೀಸಾ ಇದೆ, ಅಲ್ಲಿ ಪದವಿ ಕೇಳುವುದಿಲ್ಲ, ಸೊಂಟ ಗಟ್ಟಿಯಿದ್ದರೆ ಸಾಕು. ಅಲ್ಲಿರುವ ಯಾರನ್ನಾದರೂ ಮದುವೆಯಾದರೆ ಅವಲಂಬಿತರ ವೀಸಾ. ಇದನ್ನು ಹೇಳುವಾಗ ನಮ್ಮಿಬ್ಬರನ್ನೂ ಒಮ್ಮೆ ಅಳೆದು ನೋಡಿದರು. ಕಡೆಗೆ ಉಳಿದದ್ದು ಹೊಸ ಪದವೀಧರರ ವೀಸಾ. ಪದವಿ ಬಂದು ಎರಡು ವರ್ಷ ದಾಟಿರಬಾರದು, ಅಲ್ಲಿನ ಒಂದು ಸಂಸ್ಥೆ ಕೆಲಸ ಕೊಡುತ್ತೇವೆಂದು ಬರೆದುಕೊಡಬೇಕು, ಒಂದೇ ಒಂದು ಸುಳ್ಳು ಸಿಕ್ಕಿಬೀಳಬಾರದು. “ಹಾಲಿದ್ದ ಹಾಗೆ ಇದು. ಒಂದು ಹನಿ ಹುಳಿ ಬಿದ್ರೂ ಪಾತ್ರೆ ಪೂರ್ತಿ ಕೆಟ್ಟುಹೋಗುತ್ತೆ” ಎಂದಿದ್ದರು. ನಾವಿಬ್ಬರೂ ತಲೆಯಾಡಿಸಿದೆವು.

ಅಮ್ಮನ ಸೊಂಟದ ಆಪರೇಷನ್ನಿನಿಂದ ನನ್ನ ಇಂಟರ್ನ್‌ಶಿಪ್ ಅರ್ಧಕ್ಕೆ ನಿಂತಿತ್ತು. ಪದವಿ ಪತ್ರ ನಿನಗಿಂತ ತಡವಾಗಿ ಬರುವುದಿತ್ತು. ನೀನು ಮೊದಲು ಹೋಗು, ಬೆನ್ನ ಹಿಂದೆಯೇ ನಾನು ಬರುತ್ತೇನೆ, ಅಲ್ಲಿಯೂ ಒಂದೇ ಕೋಣೆ ಹಿಡಿಯೋಣ ಎಂದು ನಿನ್ನನ್ನು ಹೊರಡಿಸಿದವಳು ನಾನು. ನೀನು ಅರ್ಜಿ ಹಾಕಿದ ಆಸ್ಪತ್ರೆಯವರದು ಒಂದು ನಿಯಮ. ಮುಖ ನೋಡಿ, ಮೈಬಣ್ಣ ನೋಡಿ ಪಕ್ಷಪಾತವಾಗಬಾರದೆಂದು ಮೊದಲ ಸುತ್ತಿನಲ್ಲಿ ಅವರು ಧ್ವನಿ ಮಾತ್ರ ಕೇಳುತ್ತಾರೆ. ಅಷ್ಟು ನ್ಯಾಯವಂತರು. ಆ ದಿನ ನೀನು ಬೆಳಿಗ್ಗೆಯಿಂದ ವಾಂತಿ ಮಾಡಿಕೊಂಡು ಮಂಚದ ಮೇಲೆ ಮುದುಡಿಕೊಂಡಿದ್ದೆ. ಫೋನು ಹೊಡೆದುಕೊಂಡಾಗ ಅದನ್ನು ಎತ್ತಿ ನನ್ನ ಮಡಿಲಿಗೆ ಹಾಕಿದೆ. ನಾನು ಹಲೋ ಎಂದೆ, ನಿನ್ನ ಹೆಸರು ಹೇಳಿದೆ. ಮುಂದಿನದೆಲ್ಲ ನಾನೇ ಮಾತಾಡಿದ್ದು.

ಆ ಕಡೆಯ ಮೇಡಂ ಒಳ್ಳೆಯವರು. ಕೀಲುಗಳ ಬಗ್ಗೆ, ನರಗಳ ಬಗ್ಗೆ ಕೇಳಿದ ಮೇಲೆ, ನೀವು ಮರೆಯಲಾಗದ ಒಬ್ಬ ರೋಗಿಯ ಬಗ್ಗೆ ಹೇಳಿ ಎಂದರು. ನಾನು ಯೋಚಿಸಲೇ ಇಲ್ಲ. ಕಟಿಂಗ್ ಶಾಪಿನ ಯಜಮಾನರ ಕಥೆ ಹೇಳಿದೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಯಾಕೆಂದರೆ ಅದು ನಿನ್ನದೆಂದು ನೀನು ಈಚೆಗೆ ನಂಬಿಕೊಂಡಂತಿದೆ. ಇಂಟರ್ನ್‌ಶಿಪ್ಪಿನಲ್ಲಿ ನಮ್ಮ ವಾರ್ಡಿಗೆ ಬಂದಾಗ ಲಕ್ವ ಹೊಡೆದು ಅವರ ಬಲಗೈ ಹೋಗಿತ್ತು. ಬೆರಳಿನ ವ್ಯಾಯಾಮಕ್ಕೆ ಜೇಡಿಯಂಥ ಮುದ್ದೆ ಕೊಟ್ಟರೆ, ಮರದ ಮೊಳೆ ಕೊಟ್ಟರೆ, ಇದೆಲ್ಲ ಮಕ್ಕಳಾಟ ಎಂದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಹೊಸದಾಗಿ ಕೆಲಸ ಕಲಿಯುವವರು ನೊರೆ ಬಳಿದ ಬಲೂನಿನ ಮೇಲೆ ಕ್ಷೌರದ ಕತ್ತಿ ಆಡಿಸಿ ಕಲಿಯುತ್ತಾರೆಂದು ಅವರೇ ಒಮ್ಮೆ ಹೇಳಿದ್ದರು. ನಾನು ಮರುದಿನ ಬಲೂನು, ಶೇವಿಂಗ್ ಕ್ರೀಮು ತಂದೆ. ಕತ್ತಿಯನ್ನು ಅವರ ಮನೆಯಿಂದಲೇ ತರಿಸಿದೆವು. ಮೊದಲನೆಯ ಬಲೂನು ಒಡೆದು ನೊರೆಯೆಲ್ಲ ಹೆಡ್ ನರ್ಸಿನ ಕನ್ನಡಕಕ್ಕೆ ರಟ್ಟಿತು. ದಿನಕ್ಕೆ ನಾಲ್ಕೈದು ಒಡೆಯುತ್ತಿದ್ದವು. ವಾರ್ಡಿನವರೆಲ್ಲ ಕಿವಿ ಮುಚ್ಚಿಕೊಂಡು ಕಾಯುತ್ತಿದ್ದರು. ಒಂದು ದಿನ ನೊರೆಯೆಲ್ಲ ಹೋಗಿ ಬಲೂನು ಹಾಗೇ ಉಳಿಯಿತು. ಯಜಮಾನರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಸಾಕಮ್ಮ ಬಲೂನು. ಇನ್ನು ಮನುಷ್ಯರ ಮುಖ ಕೊಡು” ಎಂದರು. ಪಕ್ಕದ ಹಾಸಿಗೆಯ ಲಾರಿ ಡ್ರೈವರು ಗಡ್ಡ ತಡವಿಕೊಂಡು ಗೋಡೆಗೆ ಒರಗಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ.

ಆ ಬಲೂನುಗಳನ್ನೆಲ್ಲ ಊದಿಕೊಟ್ಟವಳು ನೀನು. ನನಗೆ ಊದಲು ಬರುತ್ತಿರಲಿಲ್ಲ, ಕೆನ್ನೆ ನೋಯುತ್ತಿತ್ತು. ನೀನು ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಒಂದಾದ ಮೇಲೊಂದು ಊದಿ ದಾರ ಕಟ್ಟಿ ಕೊಡುತ್ತಿದ್ದೆ. ಇದನ್ನು ಮರೆತಿಲ್ಲ ತಾನೆ?

ಮೇಡಂ ಕಥೆ ಕೇಳಿ ಜೋರಾಗಿ ನಕ್ಕಿದ್ದರು. ಎರಡನೆಯ ಸುತ್ತಿನಲ್ಲಿ ಕ್ಯಾಮೆರಾದ ಮುಂದೆ ಕೈಚಳಕ ತೋರಿಸಬೇಕಿತ್ತು. ಅದನ್ನು ನೀನು ಮಾಡಿದೆ, ನನಗಿಂತ ನೂರು ಪಾಲು ಚೆನ್ನಾಗಿ ಮಾಡಿದೆ. ಅದರಲ್ಲಿ ನನಗೆ ಹೊಟ್ಟೆಕಿಚ್ಚಿಲ್ಲ. ನಿನಗೆ ಕೆಲಸ ಸಿಕ್ಕಿತು, ವೀಸಾ ಬಂತು, ವಿಮಾನ ಹತ್ತಿದೆ. ಮೊದಮೊದಲು ದಿನಾ ಫೋನು, ಆಮೇಲೆ ಭಾನುವಾರದ ಫೋನು, ಆಮೇಲೆ ಕೆಲಸ ಜಾಸ್ತಿ ಕಣೆ ಎಂಬ ಒಂದು ಸಾಲು. ಇದು ಎಲ್ಲರಿಗೂ ಆಗುವುದೇ ಎಂದು ಸಮಾಧಾನ ಮಾಡಿಕೊಂಡೆ. ಪದವಿ ಬಂದ ಮೇಲೆ ಅಮ್ಮನನ್ನು ನಡೆಸುವಷ್ಟರಲ್ಲಿ, ಅವರ ಭಾಷೆಯ ಪರೀಕ್ಷೆ ಮುಗಿಯುವಷ್ಟರಲ್ಲಿ ನನ್ನ ಎರಡು ವರ್ಷದಲ್ಲಿ ಮುಕ್ಕಾಲು ಪಾಲು ಕಳೆದುಹೋಯಿತು. ನನ್ನ ಬಗ್ಗೆ ಅಲ್ಲಿ ಒಂದು ಮಾತು ಹೇಳು ಎಂದಾಗ, ಹೊಸಬರು ಶಿಫಾರಸು ಮಾಡುವ ಹಾಗಿಲ್ಲ ಎಂದೆ ನೀನು. ಅದೇ ಆಸ್ಪತ್ರೆಗೆ ನಾನೇ ಅರ್ಜಿ ಹಾಕಿದೆ.

ಅದೇ ಮೇಡಂ ಫೋನು ಮಾಡಿದರು. ನಿಮ್ಮ ಧ್ವನಿ ಎಲ್ಲೋ ಕೇಳಿದ ಹಾಗಿದೆ ಎಂದರು. ನಮ್ಮ ಕಾಲೇಜಿನವರೆಲ್ಲ ಹೀಗೇ ಮಾತಾಡುವುದು ಎಂದು ತೇಲಿಸಿದೆ. ಆಮೇಲೆ ಅದೇ ಪ್ರಶ್ನೆ ಬಂತು, ಮರೆಯಲಾಗದ ರೋಗಿ ಯಾರು ಎಂದು.

ಬೇರೆ ರೋಗಿ ಸಿಗಲಿಲ್ಲವೇನಮ್ಮ ನಿನಗೆ ಎಂದು ವೀಸಾ ಮಾಮ ಆಮೇಲೆ ತಲೆ ಚಚ್ಚಿಕೊಂಡರು. ಇದ್ದರು, ಬೇಕಾದಷ್ಟು ಜನ ಇದ್ದರು. ಬೇರೆ ಯಾರ ಕಥೆಯನ್ನಾದರೂ ಹೇಳಬೇಕೆಂದು ಬೆಳಿಗ್ಗೆ ಅಂದುಕೊಂಡೂ ಇದ್ದೆ. ಆದರೆ ಮರೆಯಲಾಗದವರು ಎಂದರೆ ನನಗೆ ಅವರೇ ಕಣೆ. ಬಾಯಿ ತೆಗೆದೆ, ಯಜಮಾನರು ಬಂದುಬಿಟ್ಟರು. ಎರವಲು ಕೊಟ್ಟ ಕೊಡೆಯನ್ನು ನನಗೆ ಮಳೆ ಬಂದಾಗ ನಾನು ಬಿಚ್ಚಿಕೊಂಡೆ ಎಂದು ನನ್ನ ಭಾವನೆ. ಕೊಡೆ ಈಗ ಬೇರೆಯವರ ಹೆಸರಿನಲ್ಲಿದೆ ಎಂಬುದು ಹೊಳೆಯಲಿಲ್ಲ. ಈ ಸಲ ಮೇಡಂ ನಗಲಿಲ್ಲ.

ಆದರೂ ಎರಡನೆಯ ಸುತ್ತು ದಾಟಿದೆ. ಕೆಲಸ ಕೊಡುತ್ತೇವೆಂಬ ಪತ್ರವೂ ಬಂತು. ಅಮ್ಮ ಅಕ್ಕಪಕ್ಕದವರಿಗೆಲ್ಲ ಹೇಳಿ ಮುಗಿಸಿದ್ದರು. ವೀಸಾದ ಅರ್ಜಿ ಹೋದ ಮೇಲೆ ಮೇಡಂ ಇನ್ನೊಮ್ಮೆ ಫೋನು ಮಾಡಿದರು. ಆಗ ನಾನು ಇದೇ ಕ್ಲಿನಿಕ್ಕಿನಲ್ಲಿ ಒಬ್ಬ ಟೀಚರ ಕುತ್ತಿಗೆಗೆ ಬಿಸಿ ಕೊಡುತ್ತಿದ್ದೆ. ಅವರ ಮಾತನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ: “ಆ ಕ್ಷೌರಿಕರ ಕಥೆ ನಮ್ಮಲ್ಲಿ ಕೆಲಸ ಮಾಡೋ ಒಬ್ಬರದು. ಮೇಲ್ ಮಾಡಿ ಅವರನ್ನೇ ಕೇಳಿದ್ವಿ. ನಿಮ್ಮ ಪರಿಚಯ ತನಗೆ ಅಷ್ಟಾಗಿ ಇಲ್ಲ, ಕಾಲೇಜಲ್ಲಿ ಯಾರ ಬಾಯಿಂದಲೋ ಕೇಳಿ ಹೇಳಿರಬೇಕು ಅಂದ್ರು.”

ಪರಿಚಯ ಅಷ್ಟಾಗಿ ಇಲ್ಲ. ನನ್ನ ಟವೆಲಿನಲ್ಲಿ ಮುಖ ಒರೆಸಿಕೊಂಡವಳು ನೀನು. ನಿನಗೆ ಜ್ವರ ಬಂದಾಗ ರಾತ್ರಿ ಡ್ಯೂಟಿಯನ್ನು ನಿನ್ನ ಬದಲು ಮಾಡಿದವಳು ನಾನು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುತ್ತಾರೆ, ನಿಜ. ಆದರೆ ಅಂಬಿಗನನ್ನು ಕಳ್ಳನೆಂದು ಹಿಡಿದುಕೊಟ್ಟವರನ್ನು ನಾನು ನೋಡಿರಲಿಲ್ಲ. ಟೀಚರಿಗೆ ಇಟ್ಟ ಬಿಸಿ ಜಾಸ್ತಿಯಾಗಿ ಅವರು ಕೂಗಿಕೊಂಡರು.

ನನಗೆ ಸಿಟ್ಟು ಬಂದಿರುವುದು ಯಾವುದಕ್ಕೆ ಎಂದು ನಿನಗೆ ಗೊತ್ತಾಗಬೇಕು. ನಿಜ ಹೇಳಿ ಕೆಲಸ ಕಳೆದುಕೋ ಎಂದು ನಾನು ಕೇಳುತ್ತಿಲ್ಲ, ಅಂದೂ ಕೇಳುತ್ತಿರಲಿಲ್ಲ. ಆ ರೋಗಿಯನ್ನು ನಾವಿಬ್ಬರೂ ಸೇರಿ ನೋಡಿಕೊಂಡೆವು ಎಂದಿದ್ದರೆ ಮುಗಿದುಹೋಗುತ್ತಿತ್ತು. ನೀನೂ ಉಳಿಯುತ್ತಿದ್ದೆ, ನಾನೂ ಬರುತ್ತಿದ್ದೆ. ಅದು ಸುಳ್ಳೂ ಆಗುತ್ತಿರಲಿಲ್ಲ. ನೀನು ಊದಿದ್ದೆ, ನಾನು ಹಿಡಿದಿದ್ದೆ. ಹತ್ತು ಮಾತಿಗೆ ಒಂದು ಮಾತಾಡುವ ನೀನು ಆ ಒಂದನ್ನು ಸರಿಯಾಗಿ ಆಡಬಾರದಿತ್ತೇ?

ಆಸ್ಪತ್ರೆಯವರು ಕೆಲಸ ವಾಪಸ್ ತೆಗೆದುಕೊಂಡರು. ಯಾಕೆ ತೆಗೆದುಕೊಂಡೆವು ಎಂದು ವೀಸಾ ಕಚೇರಿಗೂ ತಿಳಿಸಲೇಬೇಕಂತೆ. ನನ್ನ ಹೆಸರಿನ ಮುಂದೆ ‘ಮೋಸ’ ಎಂದು ಬಿತ್ತು. ವೀಸಾ ಮಾಮನ ತಿಂಡಿಯ ಪಟ್ಟಿಯಲ್ಲಿ ಈಗ ನನಗೆ ಯಾವುದೂ ಇಲ್ಲ. ಓದಲು ಹೋಗುವುದಕ್ಕೂ, ಹಣ್ಣು ಬಿಡಿಸುವುದಕ್ಕೂ, ಮದುವೆಯಾಗಿ ಹೋಗುವುದಕ್ಕೂ ಮೊದಲ ಪುಟದಲ್ಲೇ ಇದನ್ನು ಕೇಳುತ್ತಾರೆ. ಆಸ್ಪತ್ರೆಯವರೇ ತಪ್ಪಾಯಿತೆಂದು ತಿದ್ದಿಕೊಂಡರೆ ಮಾತ್ರ ಉಂಟು, ಅದೂ ನನ್ನ ಪದವಿಗೆ ಎರಡು ವರ್ಷ ತುಂಬುವ ಒಳಗೆ ಎಂದು ಮಾಮ ಹೇಳಿದರು. ಈ ತಿಂಗಳ ಕೊನೆಗೆ ತುಂಬುತ್ತದೆ. ನಾನಾಗಿ ಏನು ಹೇಳಲಿ? ಕಥೆ ನನ್ನದೇ, ಅವಳ ಹೆಸರಿನಲ್ಲಿ ಹೇಳಿದವಳೂ ನಾನೇ ಎಂದರೆ ಕಳ್ಳತನ ಹೋಗಿ ವಂಚನೆ ಬರುತ್ತದೆ, ಜೊತೆಗೆ ನಿನ್ನ ತಲೆಯ ಮೇಲೂ ಚಪ್ಪಡಿ ಎಳೆದ ಹಾಗೆ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಅಮ್ಮನಿಗೆ ಇದೊಂದೂ ತಿಳಿಯದು. ಏನೋ ತಪ್ಪು ತಿಳಿವಳಿಕೆಯಾಗಿದೆ ಎಂದಷ್ಟೇ ಹೇಳಿದ್ದೇನೆ. ವಾಕರ್ ಹಿಡಿದು ಅಡುಗೆಮನೆಯಿಂದ ಹಜಾರಕ್ಕೆ ಬರುತ್ತಾ ದಿನಕ್ಕೊಮ್ಮೆ ಕೇಳುತ್ತಾರೆ: “ನಿನ್ನ ಗೆಳತಿ ಅಲ್ಲೇ ಇದಾಳಲ್ಲ, ಅವಳು ಒಂದು ಮಾತು ಹೇಳೋಕೆ ಆಗಲ್ವಾ?” ಅವಳಿಗೆ ಮೊದಲಿನಿಂದಲೂ ಮಾತು ಕಡಿಮೆ ಎನ್ನುತ್ತೇನೆ. ಪಾಪದ ಹುಡುಗಿ, ದೇವರು ಚೆನ್ನಾಗಿಟ್ಟಿರಲಿ ಎನ್ನುತ್ತಾರೆ.

ನಿನಗೆ ಆಗ ಫೋನು ಮಾಡಿದೆ, ಎತ್ತಲಿಲ್ಲ. ಮೆಸೇಜು ಹಾಕಿದೆ, ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಹೆದರಿಕೊಂಡಿರಬೇಕು ಎಂದುಕೊಂಡೆ. ಹೆದರಿದಾಗ ಮುದುಡಿಕೊಳ್ಳುವುದು ನಿನ್ನ ಹಳೆಯ ಅಭ್ಯಾಸ. ಒಂದು ಸಲ, ಒಂದೇ ಸಲ, ತಪ್ಪಾಯಿತು ಕಣೆ ಎಂದಿದ್ದರೆ ನಾನು ಬೈದು ಅತ್ತು ಸುಮ್ಮನಾಗುತ್ತಿದ್ದೆ. ನಾನು ಎಂಥವಳೆಂದು ನಿನಗೆ ಗೊತ್ತು. ಆದರೆ ಹೋದ ವಾರ ನೀನಾಗಿ ಬರೆದೆಯಲ್ಲ, ಅದರಲ್ಲಿ ಆ ಮಾತು ಎಲ್ಲಿದೆ ಎಂದು ಅಳಿಸಿಹೋಗುವ ಮೊದಲು ಎರಡೆರಡು ಸಲ ಹುಡುಕಿದೆ. ನಿನ್ನ ಮೊದಲ ವೀಸಾ ಮುಗಿಯುತ್ತಾ ಬಂತಂತೆ. ಕೆಲಸ ಕಾಯಂ ಮಾಡಲು ಮುಖ್ಯ ಕಚೇರಿಯ ಅದೇ ಮೇಡಂ ಇನ್ನೊಮ್ಮೆ ಫೋನಿನಲ್ಲಿ ಮಾತಾಡುತ್ತಾರಂತೆ. ಈಗ ನಿನಗೆ ಅವರ ಭಾಷೆ ನೀರು ಕುಡಿದಷ್ಟು ಸುಲಭವಂತೆ. ತೊಂದರೆ ಅದಲ್ಲ, ಮೊದಲ ಸಲದ ಧ್ವನಿಮುದ್ರಣವನ್ನು ಅವರು ಇಟ್ಟುಕೊಂಡಿದ್ದಾರೆ, ಧ್ವನಿ ಬೇರೆ ಎಂದು ಗೊತ್ತಾದರೆ ಕಷ್ಟ. ಅದಕ್ಕೆ ಆ ಕರೆಯ ಲಿಂಕು ನನಗೆ ಕಳಿಸುತ್ತೀಯಂತೆ, ಇದೊಂದು ಸಲ ಮಾತಾಡಿಕೊಡಬೇಕಂತೆ. ನಿನ್ನ ಹೊರತು ನನಗೆ ಯಾರಿದ್ದಾರೆ ಎಂದು ಕೊನೆಯಲ್ಲಿ ಸೇರಿಸಿದ್ದೆ.

ಅಷ್ಟಾಗಿ ಪರಿಚಯವಿಲ್ಲದವಳನ್ನು ಇಂಥ ಕೆಲಸಕ್ಕೆ ಕೇಳಲು ಎಂಟೆದೆ ಬೇಕು. ಆ ಮಟ್ಟಿಗೆ ಪರದೇಶ ನಿನ್ನನ್ನು ಬೆಳೆಸಿದೆ. ಹಿಂದೆ ಒಂದು ಪೆನ್ನು ಕೇಳಲೂ ನೀನು ಹಿಂದುಮುಂದು ನೋಡುತ್ತಿದ್ದೆ.

ನಾನು ಮಾತಾಡಿಕೊಟ್ಟಿದ್ದೇನೆ. ಇನ್ನು ನಿನಗೂ ನನಗೂ ಋಣ ಹರಿಯಿತು ಎಂದು ಬರೆಯೋಣವೆಂದಿದ್ದೆ, ಹರಿದಿಲ್ಲ. ಯಾರದಾದರೂ ಬಿಗಿದ ಭುಜ ಬಿಡಿಸಲು ಹೋದರೆ ಈಗಲೂ ನಿನ್ನ ಕೈ ನೆನಪಾಗುತ್ತದೆ, ಹಾಗೆ ನೆನಪಾಗುವುದು ನನಗೆ ಬೇಕಿಲ್ಲ. ನಾನು ನಿನ್ನನ್ನು ಕ್ಷಮಿಸಿಲ್ಲ. ಹೋಗಬೇಕೆಂಬ ಆಸೆಯೂ ಸತ್ತಿಲ್ಲ, ಸುಳ್ಳು ಯಾಕೆ ಹೇಳಲಿ. ಬಂದರೆ ನಿನ್ನ ಕೋಣೆಗೆ ಬರುವುದಿಲ್ಲ, ಆ ಬಗ್ಗೆ ಹೆದರಬೇಡ.

ಟೈರ್ ಅಂಗಡಿಯವರು ಷಟರ್ ಎಳೆಯುತ್ತಿದ್ದಾರೆ. ಅವರು ಹೋದ ಮೇಲೆ ಮೆಟ್ಟಿಲಿನ ದೀಪ ಇರುವುದಿಲ್ಲ, ನಾನೂ ಹೊರಡಬೇಕು. ಕೊರಿಯರ್‌ನವರು ಬುಧವಾರದ ಒಳಗೆ ತಲುಪಿಸುತ್ತೇವೆ ಎಂದಿದ್ದಾರೆ. ಬಂದ ದಿನವೇ ಪೂರ್ತಿ ಓದು, ಗುರುವಾರಕ್ಕೆ ಇಟ್ಟುಕೊಳ್ಳಬೇಡ.

ಇಂತಿ,
ನಿನಗೆ ಅಷ್ಟಾಗಿ ಪರಿಚಯವಿಲ್ಲದ
ಮೈಕು

ತಾ.ಕ.: ಇಂಟರ್‌ವ್ಯೂನಲ್ಲಿ ಏನೇನು ಕೇಳಿದರೆಂದು ನೀನು ವಿಚಾರಿಸಲೇ ಇಲ್ಲ. ಕೆಲಸದ ಪ್ರಶ್ನೆಗಳಿಗೆಲ್ಲ ನೀನು ಹೇಳಿಕೊಟ್ಟ ಹಾಗೇ ಉತ್ತರ ಕೊಟ್ಟೆ, ಮೇಡಂ ಮೆಚ್ಚಿಕೊಂಡರು. ಕಡೆಗೆ, ನೀವಾಗಿ ಹೇಳುವುದು ಏನಾದರೂ ಇದೆಯೇ ಎಂದರು. ಇದೆ ಎಂದೆ. ಆ ಕ್ಷೌರಿಕರನ್ನು ನಾನೊಬ್ಬಳೇ ನೋಡಿಕೊಂಡದ್ದಲ್ಲ, ಬಲೂನಿನ ಉಪಾಯ ನನ್ನ ಗೆಳತಿಯದು, ನಾನು ಊದಿಕೊಟ್ಟವಳು ಎಂದೆ. ನನ್ನ ಕೆಲಸಕ್ಕೆ ಕುತ್ತು ಬಂದೀತೆಂದು ಹೆದರಿ ಅವಳ ಪರಿಚಯವೇ ಇಲ್ಲವೆಂದುಬಿಟ್ಟೆ, ಅವಳು ಯಾರ ಕಥೆಯನ್ನೂ ಕದ್ದವಳಲ್ಲ, ನನ್ನಿಂದ ತಪ್ಪಾಯಿತು ಎಂದೆ. ಎಲ್ಲವನ್ನೂ ನಿನ್ನ ಹೆಸರಿನಲ್ಲೇ ಹೇಳಿದ್ದೇನೆ. ಹೇಳುವಾಗ ಬಂದ ಅಳು ಮಾತ್ರ ನನ್ನದು. ಇದನ್ನೇ ಬರಹದಲ್ಲಿ ಕೊಡುತ್ತೀರಾ ಎಂದು ಕೇಳಿದರು, ಕೊಡುತ್ತೇನೆ ಎಂದೆ. ಗುರುವಾರ ಕಾಗದ ಹಿಡಿದುಕೊಂಡು ಅವರೇ ನಿನ್ನ ಆಸ್ಪತ್ರೆಗೆ ಬರುತ್ತಾರೆ, ಸಹಿ ಹಾಕು. ಹಾಕುವುದಿಲ್ಲ ಎಂದರೆ ನಿನ್ನೆ ಮಾತಾಡಿದವಳು ಯಾರೆಂದು ನೀನೇ ಹೇಳಬೇಕಾಗುತ್ತದೆ. ನಿನ್ನ ಕೆಲಸಕ್ಕೇನೂ ಆಗುವುದಿಲ್ಲ, ತಪ್ಪು ಒಪ್ಪಿಕೊಳ್ಳುವ ಧೈರ್ಯ ಇರುವವರೇ ನಮಗೆ ಬೇಕು ಎಂದರು. ನಿನ್ನಂಥ ಗೆಳತಿ ಸಿಕ್ಕಿದ್ದು ಆ ಹುಡುಗಿಯ ಪುಣ್ಯ ಎಂದೂ ಅಂದರು. ನಿನ್ನ ಪರವಾಗಿ ಥ್ಯಾಂಕ್ಸ್ ಹೇಳಿದ್ದೇನೆ.